ಸೊನ್ನೆ ಬಂತು ಅಂತ ಕುಣಿಯೋ ಮುಂಚೆ: ಐರನ್ ಸೆಲೆನೈಡ್ ತೆಳುಪದರದ ಕಥೆ

ಈ ಸಲದ ಮಾತುಕತೆಯನ್ನ ಓದೋಕೆ ಅನುಕೂಲ ಆಗೋ ಹಾಗೆ ಇಲ್ಲಿ ಬರೆದು ಹಾಕ್ತಿದ್ದೀನಿ.

ಹಿಂಜವಡಿಯಿಂದ ಪಾಷಾಣ ಮೇಲೆ ಸಿಟಿಗೆ ಬರುವಾಗ ಎನ್‌ಸಿಎಲ್, ಐಸರ್ ಕ್ಯಾಂಪಸ್‌ಗಳು ಕಾಣ್ತವಲ್ಲ, ಅಲ್ಲಿ ನಡೆಯೋ ಕೆಲಸಗಳಲ್ಲಿ ಒಂದು ತೆಳುಪದರ ಬೆಳೆಸೋದು. ಪುಣೆಗೆ ಇದು ಹಳೇ ವಿದ್ಯೆ. 1980ರ ದಶಕದಲ್ಲೇ ಪುಣೆ ವಿಶ್ವವಿದ್ಯಾಲಯದಲ್ಲಿ ಸತೀಶ್ಚಂದ್ರ ಓಗಲೆ ಅವರ ತಂಡ ಲೇಸರ್‌ನಿಂದ ಪದರ ಕೂರಿಸುತ್ತಿತ್ತು. ಸಾಫ್ಟ್‌ವೇರ್‌ಗೆ ಬರೋ ಮುಂಚೆ ನಾನೂ ಎಂಎಸ್ಸಿ ಪ್ರಾಜೆಕ್ಟಿಗೆ ಅಂಥ ಪದರ ಬೆಳೆಸಿದ್ದೆ. ವಸ್ತು: ಐರನ್ ಸೆಲೆನೈಡ್.

ಕಬ್ಬಿಣದ ಒಂದು ಪರಮಾಣುವಿಗೆ ಸೆಲೆನಿಯಂನದು ಒಂದು, ಅಷ್ಟೇ ಇದರ ಲೆಕ್ಕ. 2008ರಲ್ಲಿ ತೈವಾನಿನ ಮಾವ್-ಕ್ವೆನ್ ವೂ ಅವರ ತಂಡ ಇದು 8 ಕೆಲ್ವಿನ್‌ನಲ್ಲಿ, ಅಂದ್ರೆ ಮೈನಸ್ 265 ಡಿಗ್ರಿಯಲ್ಲಿ, ಸೂಪರ್‌ಕಂಡಕ್ಟರ್ ಆಗುತ್ತೆ ಅಂತ ತೋರಿಸಿತು. ಕರೆಂಟಿಗೆ ಅಡ್ಡಿ ಪೂರ್ತಿ ಸೊನ್ನೆ. ಕಾಂತಗುಣ ಸೂಪರ್‌ಕಂಡಕ್ಟಿವಿಟಿಗೆ ಆಗದು ಅಂತ ನಂಬಿದ್ದ ಕಾಲ. ಕಬ್ಬಿಣದಲ್ಲೇ ಅದು ಸಿಕ್ಕಿದ್ದು ಎಲ್ಲರಿಗೂ ಅಚ್ಚರಿ.

ಬೆಳೆಸೋದು ಹೇಗೆ? ದೋಸೆ ಹುಯ್ದ ಹಾಗೆ ಅಂದ್ಕೊಳ್ಳಿ. ನಿರ್ವಾತದ ಡಬ್ಬಿಯೊಳಗೆ ಐರನ್ ಸೆಲೆನೈಡ್ ಬಿಲ್ಲೆ ಇಟ್ಟು ಲೇಸರ್ ಹೊಡೆದರೆ ಅದರ ಮೇಲ್ಮೈ ಆವಿಯಾಗಿ ಚಿಮ್ಮುತ್ತೆ. ಎದುರಿಗೆ ಕಾದ ಹಂಚಿನ ಹಾಗೆ ಮೆಗ್ನೀಸಿಯಂ ಆಕ್ಸೈಡಿನ ಹರಳು ಇರುತ್ತೆ, ಆವಿ ಅದರ ಮೇಲೆ ಕೂರುತ್ತೆ. ಪದರ 100 ನ್ಯಾನೋಮೀಟರ್ ಅಂದ್ರೂ ತಲೆಗೂದಲಿನ ದಪ್ಪದಲ್ಲಿ ಹೆಚ್ಚುಕಮ್ಮಿ ಸಾವಿರದಲ್ಲೊಂದು ಪಾಲು.

ತೊಂದರೆ ಇರೋದು ಹಂಚಿನ ಕಾವಿನಲ್ಲಿ. ಕಬ್ಬಿಣ ಕರಗೋಕೆ 1538 ಡಿಗ್ರಿ ಬೇಕು, ಸೆಲೆನಿಯಂ 221ಕ್ಕೇ ಕರಗುತ್ತೆ. ಕಾವು ಹೆಚ್ಚಾದರೆ ಸೆಲೆನಿಯಂ ಹಾರಿಹೋಗಿ ಕಬ್ಬಿಣ ಮಿಕ್ಕುತ್ತೆ. ಸೆಲೆನಿಯಂ ಹೆಚ್ಚಾದರೆ ಹರಳಿನ ರೂಪ ಬದಲಾಗಿ ಷಟ್ಕೋನ ಆಗುತ್ತೆ, ಅದು ಸೂಪರ್‌ಕಂಡಕ್ಟರ್ ಅಲ್ಲ. ಕಣ್ಣಿಗೆ ಎಲ್ಲವೂ ಒಂದೇ ಥರ, ಕಪ್ಪಗೆ ಹೊಳೀತವೆ.

ಅದಕ್ಕೇ ತಪಾಸಣೆ. ಮೊದಲು ಎಕ್ಸ್-ರೇ ಡಿಫ್ರಾಕ್ಷನ್: ತಾಮ್ರದ ಎಕ್ಸ್-ರೇ ಬಳಸಿದರೆ ಸರಿಯಾದ ಹರಳಿನ ಮೊದಲ ಗುರುತು ಸುಮಾರು 16 ಡಿಗ್ರಿ ಕೋನದಲ್ಲಿ ಬರಬೇಕು. ಆಮೇಲೆ ನಾಲ್ಕು ತಂತಿಯ ಅಳತೆ. ಎರಡು ತಂತಿಯಲ್ಲಿ ಕರೆಂಟು ಕಳಿಸಿ, ಬೇರೆ ಎರಡರಲ್ಲಿ ವೋಲ್ಟೇಜ್ ಓದೋದು. ಎರಡೇ ತಂತಿ ಆದರೆ ತಂತಿ ಮತ್ತು ಬೆಸುಗೆಯ ಅಡ್ಡಿಯೂ ಲೆಕ್ಕಕ್ಕೆ ಸೇರಿಬಿಡುತ್ತೆ.

ನಮ್ಮ ಹತ್ರ ದ್ರವ ಸಾರಜನಕ ಮಾತ್ರ ಇತ್ತು, 77 ಕೆಲ್ವಿನ್‌ವರೆಗೆ. ಅಂದ್ರೆ ಸೊನ್ನೆ ಕಾಣೋ ಮಾತೇ ಇರಲಿಲ್ಲ. ಒಂದು ರಾತ್ರಿ 110 ಕೆಲ್ವಿನ್ ಹತ್ರ ಮೀಟರ್ ಪಟ್ಟಂತ ಸೊನ್ನೆಗೆ ಬಿತ್ತು! ಆಗ ಕಬ್ಬಿಣದ ಯಾವ ಸೂಪರ್‌ಕಂಡಕ್ಟರೂ 60 ದಾಟಿರಲಿಲ್ಲ. ಊರಿಗೆ ಫೋನ್ ಮಾಡಿ ಅಪ್ಪನ್ನ ಎಬ್ಬಿಸಿ ಹೇಳಿಬಿಟ್ಟೆ. ಬೆಳಿಗ್ಗೆ ನಮ್ಮ ಮೇಷ್ಟ್ರು ಬಂದು, "ವೋಲ್ಟೇಜ್ ತಂತಿ ಎರಡನ್ನೂ ಬಿಚ್ಚಿ ನೋಡಪ್ಪ" ಅಂದ್ರು. ಚಳಿಗೆ ಕುಗ್ಗಿ ಒಂದಕ್ಕೊಂದು ತಾಗಿದ್ದವು. ಶಾರ್ಟ್ ಆದ್ರೂ ಮೀಟರ್ ತೋರಿಸೋದು ಸೊನ್ನೇನೇ. ಅಪ್ಪನಿಗೆ ಮತ್ತೆ ಫೋನ್ ಮಾಡೋಕೆ ನಾಲ್ಕು ದಿನ ಬೇಕಾಯ್ತು.

2023ರಲ್ಲಿ ಎಲ್‌ಕೆ-99 ಬಂದಾಗ ನಮ್ಮ ಆಫೀಸಿನ ಗ್ರೂಪಿನಲ್ಲೆಲ್ಲ ತೇಲೋ ಕಲ್ಲಿನ ವಿಡಿಯೋನೇ. ಸಾಮಾನ್ಯ ಉಷ್ಣತೆಯಲ್ಲೇ ಸೂಪರ್‌ಕಂಡಕ್ಟರ್ ಅಂದ್ರು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರು ಅದನ್ನ ತಯಾರಿಸಿ ನೋಡಿದರು, ಸೂಪರ್‌ಕಂಡಕ್ಟಿವಿಟಿ ಸಿಗಲಿಲ್ಲ. ಅಡ್ಡಿ ಥಟ್ಟನೆ ಇಳಿದದ್ದಕ್ಕೆ ಒಳಗೆ ಬೆರೆತಿದ್ದ ತಾಮ್ರದ ಸಲ್ಫೈಡ್ ಕಾರಣ ಅಂತ ಆಮೇಲೆ ತಿಳೀತು.

ಐರನ್ ಸೆಲೆನೈಡ್ ಕಥೆ ಹಾಗಾಗಲಿಲ್ಲ. 2012ರಲ್ಲಿ ಚೀನಾದ ಷುಎ ಚಿಕುನ್ ತಂಡ ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಇದರ ಒಂದೇ ಒಂದು ಪದರ ಬೆಳೆಸಿ, 8ಕ್ಕಿಂತ ಎಷ್ಟೋ ಮೇಲಿನ ಉಷ್ಣತೆಯ ಸುಳಿವು ಕಂಡಿತು. ಬೇರೆ ತಂಡಗಳೂ ಬೆಳೆಸಿ ನೋಡಿ, ಸುಮಾರು 65 ಕೆಲ್ವಿನ್ ಹತ್ರದ ಗುರುತು ಕಂಡವು. ಅದಕ್ಕೇ ಅದು ಉಳೀತು.

ಇನ್ನೊಂದು ಸಲ ಅಂಥ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ. ನಾಲ್ಕು ತಂತಿಯಲ್ಲಿ ಅಳೆದರಾ? ಪದಾರ್ಥ ಕಾಂತಕ್ಷೇತ್ರವನ್ನ ಹೊರಗೆ ತಳ್ಳುತ್ತಾ? ಬೇರೆಯವರು ಮಾಡಿದಾಗಲೂ ಬಂತಾ? ಮೂರಕ್ಕೂ ಹೌದು ಅಂದ್ರೆ ನನಗೂ ಕಳಿಸಿ, ಅಪ್ಪನಿಗೆ ಫೋನ್ ಮಾಡ್ತೀನಿ.

ಮುಂದಿನ ಮಾತುಕತೆಯಲ್ಲಿ ಸಿಗೋಣ.