ಒಂದು ಮೈನಸ್ ಚಿಹ್ನೆ ಕಳೆದುಹೋದರೆ ನಕ್ಷತ್ರ ಎಲ್ಲಿಗೆ ಹೋಗುತ್ತೆ?

ಇವತ್ತಿನ ಮಾತು ನಕ್ಷತ್ರಗಳ ಬಗ್ಗೆ. ಆದ್ರೆ ಟೆಲಿಸ್ಕೋಪ್ ಬಗ್ಗೆ ಅಲ್ಲ, ಫೈಲ್‌ಗಳ ಬಗ್ಗೆ. ಬೋರ್ ಅಂತ ಈಗಲೇ ಸ್ಕಿಪ್ ಮಾಡ್ಬೇಡಿ, ಇರಿ.

ಆರಿದ್ರಾ ಮಳೆ ಅಂತ ಕೇಳಿರ್ತೀರಲ್ಲ? ಆ ಆರಿದ್ರಾ ನಕ್ಷತ್ರವೇ ಇಂಗ್ಲಿಷಿನ ಬೀಟಲ್‌ಜ್ಯೂಸ್. ಹೆನ್ರಿ ಡ್ರೇಪರ್ ಕ್ಯಾಟಲಾಗಿನಲ್ಲಿ ಅದರ ನಂಬರ್ 39801, ಹಿಪಾರ್ಕಸ್ ಉಪಗ್ರಹದ ಕ್ಯಾಟಲಾಗಿನಲ್ಲಿ 27989, ಇನ್ನೊಂದು ಹಳೇ ಪಟ್ಟಿಯಲ್ಲಿ 2061. ನಕ್ಷತ್ರ ಒಂದೇ, ಹೆಸರು ಹತ್ತಾರು. 2019ರ ಕೊನೆಯಲ್ಲಿ ಅದು ಇದ್ದಕ್ಕಿದ್ದಂತೆ ಮಂಕಾದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ? ಉತ್ತರ ಬೇಕಂದ್ರೆ ಹಳೇ ದಾಖಲೆ ಸಿಗಬೇಕು, ಸಿಕ್ಕಿದ್ದು ಓದೋಕೆ ಬರಬೇಕು, ಅದು ಇದೇ ನಕ್ಷತ್ರದ್ದು ಅಂತ ಗೊತ್ತಾಗಬೇಕು. ಮೂರರಲ್ಲಿ ಒಂದು ತಪ್ಪಿದ್ರೂ ಆ ದಾಖಲೆ ಇದ್ದೂ ಇಲ್ಲದ ಹಾಗೆ.

ಈ ಕೆಲಸಕ್ಕೆ ಅಂತಲೇ 1972ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ದತ್ತಾಂಶ ಕೇಂದ್ರ ಶುರುವಾಯ್ತು. ಒಂದು ನಕ್ಷತ್ರಕ್ಕಿರೋ ಎಲ್ಲಾ ಹೆಸರುಗಳನ್ನು ಒಟ್ಟಿಗೆ ತೋರಿಸೋ ಅವರ ಸೇವೆ ಸಿಂಬಾಡ್. ಜಗತ್ತಿನ ಕ್ಯಾಟಲಾಗುಗಳನ್ನೆಲ್ಲ ಸೇರಿಸಿಟ್ಟಿರೋದು ವಿಝಿಯರ್, ಅದರಲ್ಲಿ ಈಗ 20 ಸಾವಿರಕ್ಕೂ ಹೆಚ್ಚು ಕ್ಯಾಟಲಾಗುಗಳಿವೆ.

ಅವರ ಗುಟ್ಟು ಏನು ಗೊತ್ತಾ? ಪ್ರತಿ ಕ್ಯಾಟಲಾಗಿನ ಜೊತೆ ಒಂದು ಸಾದಾ ಪಠ್ಯದ ಕಡತ. ಹೆಸರು ‘ರೀಡ್‌ಮಿ’. ಯಾವ ಅಕ್ಷರದಿಂದ ಯಾವ ಅಕ್ಷರದವರೆಗೆ ಯಾವ ಕಾಲಂ, ಅದರ ಮಾನ ಏನು, ಅರ್ಥ ಏನು ಅಂತ ಅದರಲ್ಲಿ ಬರೆದಿರ್ತಾರೆ. ಮನುಷ್ಯರಿಗೂ ಅರ್ಥ ಆಗುತ್ತೆ, ಕಂಪ್ಯೂಟರಿಗೂ ಅರ್ಥ ಆಗುತ್ತೆ.

ಆ ಕಾಲಂಗಳ ಪೈಕಿ ಒಂದು ತಮಾಷೆಯಾಗಿದೆ: ಬರೀ ಪ್ಲಸ್ ಅಥವಾ ಮೈನಸ್ ಇಡೋಕೆ ಒಂದೇ ಅಕ್ಷರದ ಜಾಗ. ಯಾಕೆ? ಭೂಮಿಗೆ ಅಕ್ಷಾಂಶ ಇರೋ ಹಾಗೆ ಆಕಾಶಕ್ಕೂ ಉಂಟು. ಸಮಭಾಜಕದಿಂದ ಉತ್ತರಕ್ಕಿದ್ರೆ ಪ್ಲಸ್, ದಕ್ಷಿಣಕ್ಕಿದ್ರೆ ಮೈನಸ್. ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಒಂದಾದ ಮಿಂಟಾಕಾ ಇರೋದು ಮೈನಸ್ 0 ಡಿಗ್ರಿ, ಸುಮಾರು 18 ನಿಮಿಷದಲ್ಲಿ. (ಈ ನಿಮಿಷ ಗಡಿಯಾರದ್ದಲ್ಲ, ಡಿಗ್ರಿಯ 60ನೇ ಒಂದು ಭಾಗ.) ಈಗ ಡಿಗ್ರಿಯನ್ನು ಬರೀ ಪೂರ್ಣಾಂಕವಾಗಿ ಕಂಪ್ಯೂಟರಿಗೆ ಕೊಟ್ಟು ನೋಡಿ. ಮೈನಸ್ ಸೊನ್ನೆ ಅಂದ್ರೂ ಸೊನ್ನೆ, ಪ್ಲಸ್ ಸೊನ್ನೆ ಅಂದ್ರೂ ಸೊನ್ನೆ! ಚಿಹ್ನೆ ಮಾಯ. ನಕ್ಷತ್ರ 36 ನಿಮಿಷ ಉತ್ತರಕ್ಕೆ ಜಿಗಿದು ಕೂರುತ್ತೆ, ಅಂದ್ರೆ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಜಾಸ್ತಿ. ಎರರ್ ಮೆಸೇಜೂ ಬರಲ್ಲ. ನನ್ನನ್ನು ಕೇಳಿದ್ರೆ ಸದ್ದಿಲ್ಲದೆ ಆಗೋ ಇಂಥ ತಪ್ಪೇ ಎಲ್ಲಕ್ಕಿಂತ ಅಪಾಯ. ಅದಕ್ಕೇ ಚಿಹ್ನೆಗೆ ಅಂತ ಪ್ರತ್ಯೇಕ ಮನೆ.

ಚಿತ್ರಗಳ ಕಥೆ ಬೇರೆ. 1970ರ ದಶಕದಲ್ಲಿ ಒಂದೊಂದು ವೀಕ್ಷಣಾಲಯದ್ದೂ ಒಂದೊಂದು ಕಂಪ್ಯೂಟರ್, ಒಬ್ಬರ ಟೇಪು ಇನ್ನೊಬ್ಬರಿಗೆ ಓದೋಕೆ ಬರ್ತಿರ್ಲಿಲ್ಲ. ಆಗ ಹುಟ್ಟಿದ್ದು ಫಿಟ್ಸ್ ಫಾರ್ಮ್ಯಾಟ್. 1982ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅದನ್ನು ಅಂಗೀಕರಿಸ್ತು. ಫೈಲಿನ ತಲೆಯಲ್ಲೇ 80 ಅಕ್ಷರಗಳ ಸಾಲುಗಳಲ್ಲಿ ವಿವರ ಇರುತ್ತೆ: ಯಾವ ದಿನ, ಯಾವ ದೂರದರ್ಶಕ, ಎಷ್ಟು ಹೊತ್ತು. ಆಮೇಲೆ ಡೇಟಾ. ಇದರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇದೆ: ಹೊಸ ಆವೃತ್ತಿ ಏನೇ ತಂದ್ರೂ ಹಳೇ ಫೈಲು ಕೆಡಬಾರದು. ಹಾಗಂತ ಏನೂ ಬದಲಾಗಿಲ್ಲ ಅಂತಲ್ಲ. ಮೊದಲು ವರ್ಷಕ್ಕೆ ಎರಡೇ ಅಂಕಿ ಬರೀತಿದ್ರು, 2000ನೇ ಇಸವಿ ಹತ್ತಿರ ಬಂದಾಗ ನಾಲ್ಕಂಕಿ ಮಾಡಿದ್ರು. ಹಳೇ ತಾರೀಖಿನ ಫೈಲುಗಳು ಇವತ್ತಿಗೂ ತೆರೆದುಕೊಳ್ತವೆ. ವ್ಯಾಟಿಕನ್ ಗ್ರಂಥಾಲಯ ತನ್ನ ಹಸ್ತಪ್ರತಿಗಳ ಸ್ಕ್ಯಾನ್‌ಗಳನ್ನು ಕಾಪಾಡೋಕೆ ಆರಿಸಿಕೊಂಡಿದ್ದೂ ಇದನ್ನೇ.

2002ರಲ್ಲಿ ಹಲವು ದೇಶಗಳು ಸೇರಿ ವರ್ಚುವಲ್ ಅಬ್ಸರ್ವೇಟರಿ ಒಕ್ಕೂಟ ಕಟ್ಟಿದ್ವು. ಪುಣೆಯ ಐಯುಕಾ ಮೂಲಕ ಭಾರತವೂ ಅದರಲ್ಲಿತ್ತು. ಬೇರೆ ಬೇರೆ ಸಂಗ್ರಹಗಳಿಗೆ ಒಂದೇ ಥರದ ಪ್ರಶ್ನೆ ಕೇಳಿ ಒಂದೇ ಥರದ ಉತ್ತರ ಪಡೆಯೋ ವ್ಯವಸ್ಥೆ ಅದು. 2022ರಲ್ಲಿ ಬಂದ ಗಾಯಾ ಉಪಗ್ರಹದ ಮೂರನೇ ಕ್ಯಾಟಲಾಗಿನಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳಿವೆ. ಅದನ್ನೆಲ್ಲ ಡೌನ್‌ಲೋಡ್ ಮಾಡಿ ಹುಡುಕ್ತೀನಿ ಅಂದ್ರೆ ಆಗೋ ಮಾತಲ್ಲ.

ಇನ್ನು ನಮ್ಮ ಪಕ್ಕದ್ದು. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್‌ನ ಡೇಟಾ ಬಂದು ಸೇರೋದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರೋ ಇಸ್ರೋ ಕೇಂದ್ರಕ್ಕೆ. ಅದೂ ಫಿಟ್ಸ್‌ನಲ್ಲೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ಕೊಡೈಕನಾಲ್‌ನಲ್ಲಿ ನೂರು ವರ್ಷಗಳಿಂದ ತೆಗೆದಿಟ್ಟ ಸೂರ್ಯನ ಚಿತ್ರಗಳನ್ನು ಡಿಜಿಟಲ್ ಮಾಡಿದೆ. ಅಲ್ಲಿ ಕಷ್ಟದ ಭಾಗ ಸ್ಕ್ಯಾನ್ ಒಂದೇ ಅಲ್ಲ. ಗಾಜಿನ ಫಲಕದ ಮೇಲೋ ಲಾಗ್ ಪುಸ್ತಕದಲ್ಲೋ ಯಾರೋ ಪೆನ್ನಲ್ಲಿ ಬರೆದ ಸಮಯವನ್ನು ಸರಿಯಾಗಿ ಓದಿ ಪ್ರತಿ ಚಿತ್ರಕ್ಕೂ ಅಂಟಿಸಬೇಕು. ಸೂರ್ಯ ತಿರುಗ್ತಾ ಇರ್ತಾನಲ್ಲ, ಸಮಯ ತಪ್ಪಿದ್ರೆ ಸೂರ್ಯಕಲೆಯ ಜಾಗವೂ ತಪ್ಪು.

ಸಿಂಬಾಡ್, ವಿಝಿಯರ್ ಎರಡೂ ಉಚಿತ, ಫೋನಿನ ಬ್ರೌಸರ್‌ನಲ್ಲೂ ತೆರೆಯುತ್ತೆ. ಸಿಂಬಾಡ್‌ನಲ್ಲಿ ಮಿಂಟಾಕಾ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಸ್ಥಾನದ ಸಾಲು ನೋಡಿ. ಸೊನ್ನೆ ಸೊನ್ನೆಯ ಹಿಂದೆ ಆ ಮೈನಸ್ ಕಾಣುತ್ತೆ.