‘ಸೆನ್‌ಪಾಯ್’ ಅಂದ್ರ ಬೈಗುಳ ಅಲ್ರೀ!

ಮಹಾಂತೇಶ ನಗರದ ಬಸ್ ಸ್ಟಾಪಿನಲ್ಲಿ ಸಂಜೆ ಕಾಲೇಜು ಹುಡುಗರ ಮಾತು ಕಿವಿಗೆ ಬಿದ್ದರೆ ಹಿರಿಯರು ಗಾಬರಿಯಾಗುವುದು ಸಹಜ. “ಬಾಕಾ, ಆ ಎಪಿಸೋಡ್ ಇನ್ನೂ ನೋಡಿಲ್ಲೇನಲೇ?” ಬೈಗುಳ ಜಪಾನಿನದು, ಅರ್ಥ ‘ದಡ್ಡ’. ಬಾಲ ಮಾತ್ರ ಅಪ್ಪಟ ಬೆಳಗಾವಿಯದು!

ಇದು ‘ಅನಿಮೆ’ ಎಂಬ ಜಪಾನಿ ಕಾರ್ಟೂನು, ‘ಮಾಂಗಾ’ ಎಂಬ ಚಿತ್ರಕಥೆಗಳ ಅಭಿಮಾನಿಗಳ ಭಾಷೆ. ಹಿರಿಯ ವಿದ್ಯಾರ್ಥಿ ‘ಸೆನ್‌ಪಾಯ್’, ಜೊತೆಗಾರ ‘ನಕಾಮ’. ಕಥೆಯ ಗುಟ್ಟು ಮೊದಲೇ ಒಡೆದರೆ ‘ಸ್ಪಾಯ್ಲರ್’, ಅದಕ್ಕೆ ಕ್ಷಮೆಯಿಲ್ಲ. ಮೊಬೈಲಿನಲ್ಲಿ ಬರೆಯುವಾಗ ಕನ್ನಡವೂ ಇಂಗ್ಲಿಷ್ ಅಕ್ಷರ ತೊಟ್ಟುಕೊಂಡೇ ಬರುತ್ತದೆ.

ಮಜಾ ನೋಡ್ರಿ, ಜಪಾನಿ ಕನ್ನಡಕ್ಕೆ ಬಹಳ ದೂರದ್ದೇನಲ್ಲ. ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೇ. ಅವರು ಹೆಸರಿಗೆ ‘ಸಾನ್’ ಹಚ್ಚುತ್ತಾರೆ, ಇಲ್ಲಿನವರು ಮಾತಿಗೆ ‘ರೀ’ ಹಚ್ಚುತ್ತಾರೆ. ಇಂಗ್ಲಿಷಿನ ಒಂದೇ ‘ಯು’ದಲ್ಲಿ ಸಿಗದ ಈ ಮರ್ಯಾದೆ ಕನ್ನಡದಲ್ಲಿ ಸಲೀಸಾಗಿ ಕೂತೀತು.

ಕೂರಿಸುವವರು ಬೇಕಲ್ಲ? 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಚಿತ್ರ ಭಾರತಕ್ಕೆ ಬಂದಾಗ ಹಿಂದಿ, ತಮಿಳು, ತೆಲುಗು ಮಾತಾಡಿತು, ಕನ್ನಡ ಮಾತಾಡಲಿಲ್ಲ. ಕನ್ನಡ ಡಬ್ಬಿಂಗಿಗೆ ಅಡ್ಡಗಾಲು ಹಾಕುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲೇ ಹೇಳಿತ್ತು. ಓದೋಣವೆಂದರೆ, 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’ವೂ 2013ರಲ್ಲಿ ನಿಂತಿತು.

ಹುಡುಗರು ಕನ್ನಡ ಬಿಟ್ಟರೆಂದು ಅಂಗಡಿ ಕಟ್ಟೆಯ ಮೇಲೆ ಕೂತು ಬೈಯುವುದು ಸುಲಭ. ಅವರಿಗೆ ಬೇಕಾದ್ದನ್ನು ಕನ್ನಡದಾಗ ಕೊಟ್ಟವರು ಎಷ್ಟು ಮಂದಿ? ಜಪಾನಿಯಲ್ಲಿ ಬೈಯುವಾಗಲೂ ಹುಡುಗರು ‘ಲೇ’ ಬಿಟ್ಟಿಲ್ಲ. ಬಿಟ್ಟವರು ಯಾರು ಅಂತ ಹಿರಿಯರೇ ಹೇಳಬೇಕ್ರಿ.