ಹಾಯಿಯ ಆಯುಸ್ಸು

ಉಲ್ಹಾಸನಗರದಲ್ಲಿ ಕುಳಿತವರಿಗೆ ಹಾಯಿಯ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮ ಉಲ್ಹಾಸ ನದಿ ವಸಯಿ ಖಾಡಿಯಾಗಿ ಕಡಲನ್ನು ಸೇರುತ್ತದೆ. ನೆರೆಯ ಕಲ್ಯಾಣ ಹಿಂದೆ ಹೆಸರಾದ ಬಂದರು. ಮೇಲಾಗಿ, 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಯನ್ನು ಸೇರಿದ ‘ಕೌಂಡಿನ್ಯ’ ಹಾಯಿಹಡಗನ್ನು ನೆನೆದರೆ ಕನ್ನಡಿಗರ ಮನಸ್ಸು ಹಿಗ್ಗದೆ ಇದ್ದೀತೆ? ಮೊಳೆಯಿಲ್ಲದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಕಟ್ಟಿದ ಆ ಹಡಗಿನ ಹಾಯಿಯ ಮೇಲೆ ನಮ್ಮ ಗಂಡಭೇರುಂಡವಿದೆ!

ಹಾಯಿಯ ಮೊದಲ ವೈರಿ ಉಪ್ಪು. ಅದು ಗಾಳಿಯ ತೇವವನ್ನು ಹೀರಿ ಬಟ್ಟೆಯನ್ನು ಒಣಗಗೊಡದು. ಒಣಗದ ಹತ್ತಿಬಟ್ಟೆಗೆ ಬೂಷ್ಟು ಹಿಡಿದು ನೂಲನ್ನೇ ತಿನ್ನುತ್ತದೆ. ನೋಡಲು ಗಟ್ಟಿ, ಬಿರುಗಾಳಿಗೆ ಸಿಕ್ಕರೆ ಚರ್ರೆಂದು ಸೀಳುತ್ತದೆ. ನಡುಗಡಲಿನಲ್ಲಿ ಅದನ್ನು ಹೊಲಿದುಕೊಡುವವರಾರು? ಆದುದರಿಂದ ಸಿಹಿನೀರಿನಲ್ಲಿ ತೊಳೆದು, ಕಲೆಗಳಿಗೆ ಸೌಮ್ಯವಾದ ಸಾಬೂನು ಹಚ್ಚಿ, ಮೆತ್ತಗೆ ಉಜ್ಜಿ, ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಪ್ರತಿಸಲವೂ ಒಂದೇ ಗೆರೆಯಲ್ಲಿ ಮಡಿಸಿದರೆ ಬಟ್ಟೆ ಅಲ್ಲಿಯೇ ಸವೆಯುತ್ತದೆ. ಸುರುಳಿ ಸುತ್ತಿ, ಗಾಳಿಯಾಡುವ ಕಡೆ, ಇಲಿಗೆ ಎಟುಕದಂತೆ ಇಡುವುದು ಲೇಸು. ಇಂದಿನ ಪಾಲಿಯೆಸ್ಟರ್ ಹಾಯಿಯನ್ನು ಬೂಷ್ಟು ತಿನ್ನದು, ಬಿಸಿಲು ತಿನ್ನುತ್ತದೆ. ಬಳಸದಾಗ ಮುಚ್ಚಿಡಬೇಕು, ಅಷ್ಟೆ.

ಹಿಂದಿನವರು ಹಾಯಿ, ಬಲೆಗಳನ್ನು ಕಾಚಿನ ಕಷಾಯದಲ್ಲಿ ಅದ್ದಿ ಬಾಳಿಕೆ ಹೆಚ್ಚಿಸುತ್ತಿದ್ದರು. ಅಜ್ಜಿಯ ಎಲೆಯಡಿಕೆ ತಟ್ಟೆಯಲ್ಲಿರುತ್ತಿದ್ದ ಕಾಚೇ ಅದು!

ಮಳೆಗಾಲ ಮುಗಿದೊಡನೆ ತಾಡಪತ್ರಿಯನ್ನು ಹಸಿಯಾಗಿಯೇ ಅಟ್ಟಕ್ಕೆ ತುರುಕುವ ಮನೆಯವರಿಗೂ ಈ ಮಾತು ಸಲ್ಲುತ್ತದೆ. ನಾನೂ ಒಮ್ಮೆ ಹಾಗೆಯೇ ಕ್ಯಾನ್ವಾಸನ್ನು ತುರುಕಿಟ್ಟಿದ್ದೆ. ಜೂನಿನಲ್ಲಿ ಬಿಚ್ಚಿದಾಗ ಅದು ಕೈಯಲ್ಲೇ ಹರಿದು ಬಂತು. ಅಂದು ರಾತ್ರಿಯೇ ಮಳೆ.